ಒರಳಿನಲ್ಲಿ ನಿಂತ ಆಂಟೆನಾ

ಹೋದ ಶ್ರಾವಣದಲ್ಲಿ ಪಂಚಮಿಗೆಂದು ಊರಿಗೆ ಹೋಗಿದ್ದೆ. ಸವಣೂರಿನಿಂದ ಹುಲಗೂರಿನ ಕಡೆ ಹೋಗುವ ದಾರಿಯಲ್ಲಿದೆ ಅದು, ನನ್ನ ಗಂಡನ ಊರು. ನಮ್ಮ ಓಣಿಯಲ್ಲಿ ಉಳಿದಿದ್ದ ಕೊನೆಯ ಮಣ್ಣಿನ ಮಾಳಿಗೆ ಮನೆಯೆಂದರೆ ನೀಲವ್ವನದು. ಅದನ್ನು ಕೆಡವಲು ಹಿಡಿದು, ಪಂಚಮಿ ಮುಗಿಯುವ ತನಕ ನೆಲಕ್ಕೆ ಗುದ್ದಲಿ ತಾಗಿಸಬಾರದೆಂದು ಅರ್ಧಕ್ಕೇ ಬಿಟ್ಟಿದ್ದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಎಷ್ಟೋ ವರ್ಷ ಬೆಳಕು ಕಾಣದ ಮಾಳಿಗೆಯ ಮಣ್ಣು, ಗೆದ್ದಲು ತಿಂದ ಜಂತಿ, ಎರಡರ ನಡುವೆ ಹಾಸಿದ್ದ ಸೊಪ್ಪಿನ ಪುಡಿ, ಎಲ್ಲ ಕೂಡಿ ನೆನೆದು ಒಂದು ವಾಸನೆ ಎದ್ದಿತ್ತು. ನಾನು ನಡೆದು ಹೋಗಿ, ತಲೆಯ ಮೇಲೆ ಆಕಾಶ ಬಿಟ್ಟು ಏನೂ ಇಲ್ಲದ ಕಡೆ ನಿಂತುಕೊಂಡೆ.

“ಯಾಕಬೇ ಅವ್ವಾ, ಏನಾತು?” ಅಂದಳು ಮಗಳು ರೇಣುಕಾ.

“ಏನಿಲ್ಲ. ಧೂಳು.”

ಅವಳು ನಕ್ಕಳು. ಹನಿಯುವ ಮಳೆಯಲ್ಲಿ ಧೂಳೆಲ್ಲಿಂದ ಬರಬೇಕು. ಶಿಗ್ಗಾವಿಯ ನಮ್ಮ ಸ್ಲ್ಯಾಬಿನ ಮನೆಯಲ್ಲಿ ಎಷ್ಟು ಕುರ್ಚಿ ಖಾಲಿ ಇದ್ದರೂ ನಾನು ಟಿವಿ ನೋಡುವುದು ಬಾಗಿಲ ಬಳಿ ಮಣೆ ಹಾಕಿಕೊಂಡು. “ನಮ್ಮವ್ವ ಟಿವಿ ನೋಡಂಗಿಲ್ಲ, ತಲಿ ಮ್ಯಾಲಿನ ಚತ್ತು ನೋಡ್ತಾಳ” ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಹಾಗೆ ಕೂಡುವ ರೂಢಿ ಬಿದ್ದದ್ದು ಅವಳು ಆರು ತಿಂಗಳ ಕೂಸಾಗಿದ್ದ ಮಳೆಗಾಲದಲ್ಲಿ. ಎಂಬತ್ತರ ದಶಕ ಮುಗಿಯಲು ಬಂದಿತ್ತು.

ನಾನು ಹಾನಗಲ್ಲ ಸೀಮೆಯವಳು. ತವರಿನದು ಹಂಚಿನ ಮನೆ. ಹಂಚಿನ ಮೇಲೆ ನಾಲ್ಕು ಹನಿ ಬಿದ್ದರೆ ಒಳಗೆ ರೊಟ್ಟಿ ಬಡಿಯುವವಳಿಗೂ ಗೊತ್ತಾಗುತ್ತದೆ. ಜೋರಾದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಗಂಡನ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನನ್ನು ಹೆದರಿಸಿದ್ದು ಅಲ್ಲಿನ ಸದ್ದಿಲ್ಲದ ಮಳೆ. ತಲೆಯ ಮೇಲೆ ಮೊಳದಷ್ಟು ಮಣ್ಣು, ಅದರ ಕೆಳಗೆ ಜಂತಿ, ಜಂತಿಯ ಕೆಳಗೆ ಒಂದು ತೊಲೆ. ಹೊರಗೆ ಎಷ್ಟೇ ಸುರಿಯಲಿ, ಒಳಗಿದ್ದವರಿಗೆ ಸುಳಿವಿಲ್ಲ. ಬೆಳಕಿಂಡಿಯತ್ತ ಕತ್ತೆತ್ತಿ ನೋಡಬೇಕು, ಇಲ್ಲವೇ ಹೊರಗಿನಿಂದ ಬಂದವರ ಕಾಲು ನೋಡಬೇಕು. ಮೇಲೆ ಆ ಮಣ್ಣು ನೀರು ಕುಡಿಯುತ್ತಿದೆ, ತಾಸಿಗೊಮ್ಮೆ ಇನ್ನಷ್ಟು ಭಾರವಾಗುತ್ತಿದೆ ಎಂಬ ಯೋಚನೆ ನನ್ನನ್ನು ಬಿಡುತ್ತಿರಲಿಲ್ಲ.

“ಹಂಚಿನ ಮನಿಯಾಕಿಗೆ ಮಣ್ಣಂದ್ರ ಅಂಜಿಕಿ” ಎಂದು ಅತ್ತೆ ಗಂಗವ್ವ ಓಣಿಗೆಲ್ಲ ಹೇಳಿ ನಗಿಸುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಮಾವ ಫಕ್ಕೀರಪ್ಪ ತಮ್ಮ ಕೈಯಾರೆ ಕಟ್ಟಿದ ಮನೆ ಅದು. ಎರಡೇ ಅಂಕಣ. ಸವಣೂರಿನಲ್ಲಿ ಯಾರದೋ ಹಳೆಯ ವಾಡೆ ಕೆಡವಿದಾಗ ಚಕ್ಕಡಿ ಹೂಡಿಕೊಂಡು ಹೋಗಿ ತಂದ ಸಾಗವಾನಿ ತೊಲೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ನಮ್ಮ ಮನೆಗೆ ಟಿವಿ ಬಂದದ್ದಕ್ಕೆ ಒಂದು ಕಾರಣವಿತ್ತು. ಮೇಲಿನ ಓಣಿಯ ದೊಡ್ಡ ಮನೆಯಲ್ಲಿ ಮೊದಲ ಟಿವಿ ಬಂದಾಗ ಅತ್ತೆ ಒಂದು ರವಿವಾರ ದೇವರ ಕತೆ ನೋಡಲು ಹೋಗಿದ್ದರು. “ಅಲ್ಲೇ ಕುಂದ್ರ ಗಂಗವ್ವ, ಅಲ್ಲಿಂದನೂ ಕಾಣ್ತೈತಿ” ಎಂದು ಅಂಗಳದಲ್ಲಿ, ಚಪ್ಪಲಿ ಬಿಟ್ಟ ಜಾಗದ ಪಕ್ಕದಲ್ಲಿ ಕೂಡಿಸಿದರಂತೆ. ಮಳೆ ಹನಿದರೂ ಒಳಗೆ ಬಾ ಅನ್ನಲಿಲ್ಲ. ನಮ್ಮ ಓಣಿಯವರನ್ನು ಅವರು ಹೊಸ್ತಿಲು ದಾಟಿಸಿದ್ದು ಎಂದೂ ಇರಲಿಲ್ಲ. ಅತ್ತೆ ತಲೆ ಒರೆಸಿಕೊಳ್ಳುತ್ತ, “ಅರ್ಧಾ ದೇವ್ರು ಕಂಡ, ಅರ್ಧಾ ಅವ್ರ ಬಾಗಲಾ ಕಂಡಿತು” ಎಂದು ನಗುತ್ತ ಹೇಳಿದರು. ಮಾವ ನಗಲಿಲ್ಲ. ಆ ವರ್ಷ ಬೇರೆಯವರಿಂದ ಲಾವಣಿಗೆ, ಗುತ್ತಿಗೆಗೆ, ಮಾಡಿದ್ದ ಹೊಲದಲ್ಲಿ ಮೆಣಸಿನಕಾಯಿ ಚಲೋ ಬಂತು. ಹುಬ್ಬಳ್ಳಿಗೆ ಹೋಗಿ, ಬಾಗಿಲಿನಂಥ ಎರಡು ಪಡಕು ಸರಿಸಿ ನೋಡುವ ಕಪ್ಪು-ಬಿಳುಪು ಟಿವಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಇಳಿಸಿದ ಕೂಡಲೇ ಓಣಿಯವರ ಮುಂದೆ ಒಂದೇ ಮಾತು ಹೇಳಿದರು.

“ನಮ್ಮ ಮನ್ಯಾಗ ಯಾರೂ ಹೊರಗ ಕುಂತು ನೋಡೂದಿಲ್ಲ. ಎಷ್ಟ ಮಂದಿ ಬರ್ರಿ, ಒಳಗ ಬರ್ರಿ.”

ಆ ಮಾತಿನ ಭಾರ ಆಗ ಯಾರಿಗೂ ತಿಳಿಯಲಿಲ್ಲ.

ನಮ್ಮೂರಿಗೆ ಚಿತ್ರ ಬರಬೇಕಾದರೆ ಆಂಟೆನಾ ಬಹಳ ಎತ್ತರಕ್ಕೆ ಹೋಗಬೇಕು. ಸವಣೂರಿನಿಂದ ಬಂದ ರೇಡಿಯೋ ರಿಪೇರಿಯ ದಾದಾಪೀರ ಮಾಳಿಗೆ ಹತ್ತಿ ಇಳಿದು, “ಫಕ್ಕೀರಪ್ಪ, ಈ ಮಣ್ಣಿನ ಮ್ಯಾಲ ಪೈಪ್ ನಿಂದ್ರೂದಿಲ್ಲ. ಅಂಗಳದಾಗ ಹುಗಿರಿ” ಅಂದ. ಅಂಗಳದಲ್ಲಿ ಹುಗಿದರೆ ಗಾಳಿಗೊಮ್ಮೆ ತಿರುಗಿಕೊಳ್ಳುತ್ತದೆ, ಮಳೆಯಲ್ಲಿ ಒಬ್ಬರು ಹೊರಗೆ ನಿಂತು ತಿರುಗಿಸಬೇಕು. ಹೊರಗೆ ಯಾರೂ ನಿಲ್ಲಬಾರದು ಎಂಬುದೇ ಮಾವನ ಹಟ. ಕೊನೆಗೆ ಅವರೇ ಉಪಾಯ ಹುಡುಕಿದರು. ಹಳೆಯ ಒರಳು ಕಲ್ಲನ್ನು ತಂದು ಪಡಸಾಲೆಯ ಕಂಬದ ಬುಡಕ್ಕೆ ಇಟ್ಟರು. ಪೈಪಿನ ಬುಡ ಒರಳಿನಲ್ಲಿ, ತುದಿ ಬೆಳಕಿಂಡಿಯಿಂದ ಹೊರಗೆ. ನಡುವೆ ಕಂಬಕ್ಕೆ ಸಡಿಲವಾಗಿ ಹಗ್ಗದ ಬಳೆ. ಬೆಳಕಿಂಡಿಗೆ ತಗಡು ಮುಚ್ಚಿ, ಪೈಪಿನ ಸುತ್ತ ಸೆಗಣಿ-ಮಣ್ಣು ಮೆತ್ತಿದರು. ಎದೆಮಟ್ಟಕ್ಕೆ ಒಂದು ಕಟ್ಟಿಗೆಯನ್ನು ಅಡ್ಡಕ್ಕೆ ಕಟ್ಟಿದರೆ ಒಳಗೇ ಕುಳಿತು ಆಂಟೆನಾ ತಿರುಗಿಸಬಹುದು.

ದಾದಾಪೀರ ಸೊಂಟದ ಮೇಲೆ ಕೈಯಿಟ್ಟು ನೋಡಿದ. “ಹುಬ್ಬಳ್ಳಿಯಿಂದ ಹಾವೇರಿ ತನಕ ಇಂಥಾ ಆಂಟೆನಾ ನಾ ನೋಡಿಲ್ಲ. ದೇವ್ರನ್ನ ಒಳ್ಳಾಗ ಹಾಕಿ ರುಬ್ಬಾವ್ರು ನೀವ ಮೊದಲಿನವ್ರು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ರವಿವಾರ ಮುಂಜಾನೆ ಹಿಂದಿಯಲ್ಲಿ ಒಂದು ದೇವರ ಕತೆ ಬರುತ್ತಿತ್ತು. ಮಾತು ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ, ಕತೆ ಎಲ್ಲರಿಗೂ ಗೊತ್ತಿತ್ತು. ನಾನು ನಸುಕಿಗೇ ಎದ್ದು ಪಡಸಾಲೆ ಸಾರಿಸುತ್ತಿದ್ದೆ. ಮಾವ ಜಳಕ ಮಾಡಿ ಮಡಿ ಧೋತರ ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು, ಬಂದವರನ್ನು ಹೆಸರು ಹಿಡಿದು ಕರೆಯಲು. ಕೂಸು, ಮುದುಕರು, ಬಸುರಿಯರು ಸೇರಿ ನಲವತ್ತು ಮಂದಿಗೆ ಕಡಿಮೆ ಇಲ್ಲ. ಅತ್ತೆಯ ಜಾಗ ಕಂಬದ ಬುಡದಲ್ಲಿ. ತೊಡೆಯ ಮೇಲೆ ನನ್ನ ರೇಣಿಯನ್ನು ಮಲಗಿಸಿಕೊಂಡು, ಚಿತ್ರ ಅಲುಗಾಡಿದಾಗ ಒಂದು ಕೈ ಎತ್ತಿ ಕಟ್ಟಿಗೆ ತಿರುಗಿಸುತ್ತಿದ್ದರು. “ಬಂತಾ?” “ಇನ್ನ ಚೂರು, ಚೂರು... ಸಾಕ್ ನಿಂದ್ರಬೇ, ದೇವ್ರ ತಲಿ ಹೊಳ್ಳಿ ಹೋತು.” ಕಂಬದ ತಲೆಯ ಮೇಲೆ ತೊಲೆಯ ತುದಿ ಕುಳಿತಿತ್ತು. ಅದರ ಮಗ್ಗುಲಲ್ಲೇ ಬೆಳಕಿಂಡಿ.

ಮುಂಗಾರಿನ ಆರಂಭಕ್ಕೆ, ಮಿರ್ಗದ ಮೊದಲ ಮಳೆಯ ಮರುದಿನ ಮುಂಜಾನೆ ಒರಳಿನಲ್ಲಿ ನೀರು ನಿಂತಿತ್ತು. ಪೈಪಿನಗುಂಟ ಇಳಿದದ್ದು. ಒಂದು ಲೋಟದಷ್ಟು ಇದ್ದೀತು, ತಿಳಿ ನೀರು. ಬಟ್ಟೆ ಅದ್ದಿ ಹಿಂಡಿ ತೆಗೆದೆ. ಅಂದಿನಿಂದ ಅದೂ ನನ್ನ ಕೆಲಸದಲ್ಲೊಂದಾಯಿತು. ಕಸ, ಅಂಗಳಕ್ಕೆ ನೀರು, ಒಲೆ, ಒರಳು. ಆಷಾಢಕ್ಕೆ ಬರುವಷ್ಟರಲ್ಲಿ ಒಂದು ತಂಬಿಗೆ ಬರತೊಡಗಿತು. ಬಣ್ಣ ತಿರುಗಿತು. ಮೊದಲು ಮಣ್ಣಿನ ಬಣ್ಣ. ಆಮೇಲೆ, ಸಕ್ಕರೆ ಹಾಕದ ಕರಿ ಚಹಾದ ಬಣ್ಣ. ಮಣ್ಣಿನ ನೀರಿಗೆ ಆ ಬಣ್ಣ ಬರುವುದಿಲ್ಲ. ಬೆರಳಿಗೆ ಹಚ್ಚಿ ಮೂಸಿದೆ. ನೆನೆದ ಮರದ ವಾಸನೆ.

ಅತ್ತೆಗೆ ಹೇಳಿದೆ. “ಮಾಳಿಗಿ ಅಂದ ಮ್ಯಾಲ ಸೋರ್ತೈತವಾ. ಮಳಿ ನಿಂತಿಂದ ಎರಡ ಪುಟ್ಟಿ ಸೌಳ ಮಣ್ಣ ಹಾಕಿದ್ರಾತು” ಅಂದರು. ರಾತ್ರಿ ಊಟಕ್ಕೆ ಬಡಿಸುವಾಗ ನಮ್ಮ ಮನೆಯವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, “ಅಪ್ಪಗ ಯಾರು ಹೇಳ್ತಾರ? ಆ ತೊಲಿ ನಮಗಿಂತ ಗಟ್ಟಿ ಐತಿ” ಅಂದರು. ಮಾವನಿಗೆ ನಾನು ನೇರವಾಗಿ ಹೇಳುವಂತಿರಲಿಲ್ಲ. ಅವರೆದುರು ಸೆರಗು ಹೊದ್ದು ನಿಲ್ಲುವುದು, ಕೇಳಿದರೆ ಹೂಂ ಅನ್ನುವುದು, ಅಷ್ಟೇ. ತೊಟ್ಟಿಲನ್ನು ಮಾತ್ರ ತೊಲೆಯಿಂದ ಬಿಚ್ಚಿ ಅಡಿಗೆ ಮನೆಯ ಮೂಲೆಗೆ ಒಯ್ದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ರವಿವಾರ ಬಂತೆಂದರೆ ಕೂಸನ್ನು ಮತ್ತೆ ಕಂಬದ ಬುಡಕ್ಕೇ ಒಯ್ಯುತ್ತಿದ್ದರು. “ಮೊಮ್ಮಗಳೂ ದೇವ್ರನ್ನ ನೋಡ್ಲಿ.”

ಆಮೇಲಿನ ಒಂದು ರವಿವಾರವೂ ನಾನು ಆ ಕತೆ ನೋಡಲಿಲ್ಲ. ನಲವತ್ತು ಮುಖಗಳು ಒಂದು ಕಡೆಗಿದ್ದರೆ ನನ್ನ ಕಣ್ಣು ಮೇಲಿರುತ್ತಿತ್ತು. ಅತ್ತೆ ಕಟ್ಟಿಗೆ ತಿರುಗಿಸಿದಾಗ ಮೇಲೆ ಎಲ್ಲೋ ಹಲ್ಲು ಕಡಿದಂತೆ ಸದ್ದಾಗುತ್ತಿತ್ತು. ಗಾಳಿ ಬಂದರೆ ಇಡೀ ಪೈಪು ಕಂಬಕ್ಕೆ ಗುದ್ದುತ್ತಿತ್ತು. ಒಮ್ಮೆ ದೇವತೆಗಳು ಆಕಾಶದಿಂದ ಹೂ ಸುರಿಯುವ ಹೊತ್ತಿಗೇ ಮೇಲಿನಿಂದ ಹಿಡಿ ಮಣ್ಣು ನೀಲವ್ವನ ತಲೆಗೆ ಬಿತ್ತು. ಆಕೆ ಕೊಡವಿಕೊಳ್ಳುತ್ತ, “ನೋಡ್ರಿ, ಅವ್ರ ಹಾಕಿದ ಹೂವು ಫಕ್ಕೀರಪ್ಪಣ್ಣನ ಮನಿತನಕ ಬಂತು” ಅಂದಳು. ಮನೆ ಬಿರಿಯುವಂತೆ ನಕ್ಕರು. ಆ ನಗೆಗೆ ಜಂತಿ ಅದುರಿದ್ದು ನನಗೆ ಕಂಡಿತು. ನಿಜವಾಗಿ ಅದುರಿತೋ, ನನ್ನ ಕಣ್ಣೇ ಅದುರಿತೋ, ಇವತ್ತಿಗೂ ಹೇಳಲಾರೆ.

ಶ್ರಾವಣ ಹಿಡಿದ ಮೇಲೆ ಜಡಿಮಳೆ. ಒಂದು ವಾರ ಬಿಸಿಲು ಕಾಣಲಿಲ್ಲ. ಪಂಚಮಿಗೆ ಮೂರು ದಿನವಿತ್ತು. ಉಂಡಿಗೆಂದು ಎಳ್ಳು, ಶೇಂಗಾ ಹುರಿದಿಟ್ಟಿದ್ದೆವು. ಆ ರವಿವಾರ ಮುಂಜಾನೆ ಒರಳಿಗೆ ಕೈ ಹಾಕಿದಾಗ ಕರಿ ನೀರಿನಲ್ಲಿ ಏನೋ ಮೆತ್ತಗೆ ಸಿಕ್ಕಿತು. ಬೆರಳುದ್ದದ ಮರದ ಚೂರು. ಹಿಸುಕಿದರೆ ಹಾಲಿನಲ್ಲಿ ನೆನೆದ ರೊಟ್ಟಿಯ ಹಾಗೆ ಬೆರಳ ಸಂದಿಯಿಂದ ಹೊರಬಂತು.

ಮಾವ ಬಚ್ಚಲಿನಲ್ಲಿದ್ದರು. ಅತ್ತೆ ಹಾಲು ತರಲು ಹೋಗಿದ್ದರು. ನಮ್ಮ ಮನೆಯವರು ಚಕ್ಕಡಿಯ ಬಳಿ ದನಗಳಿಗೆ ಮೇವು ಹಾಕುತ್ತಿದ್ದರು. ನಾನು ಕೌದಿ ಹೊಲಿಯುವ ದಬ್ಬಣ ತೆಗೆದುಕೊಂಡೆ. ಅದರ ಕಣ್ಣಿನಲ್ಲಿ ಕೆಂಪು ದಾರ ಪೋಣಿಸಿದ್ದು ಹಾಗೇ ಇತ್ತು. ಜೋಳದ ಚೀಲದ ಮೇಲೆ ಹತ್ತಿ, ಕಂಬವನ್ನು ಒಂದು ಕೈಯಲ್ಲಿ ಹಿಡಿದು, ತೊಲೆಯ ತುದಿಗೆ ದಬ್ಬಣ ಒತ್ತಿದೆ. ಸಾಗವಾನಿಗೆ ದಬ್ಬಣ ಇಳಿಯಬಾರದು. ಬೆಣ್ಣೆಗೆ ಇಳಿದಂತೆ ಇಳಿಯಿತು. ಕಣ್ಣಿನ ತನಕ ಇಳಿದು ದಾರವೊಂದೇ ಹೊರಗುಳಿಯಿತು. ಎಳೆದರೆ ಎಲ್ಲಿ ಏನು ಕಳಚೀತೋ ಎಂದು ಅಲ್ಲೇ ಬಿಟ್ಟು ಇಳಿದೆ.

ಆಗಲೇ ಬಾಗಿಲಲ್ಲಿ ಮಂದಿ. ಮಾವನ ದನಿ ಕೇಳಿಸುತ್ತಿತ್ತು. “ಬಾರ್ಬೇ ನೀಲವ್ವ. ಒಳಗ ಸರೀರಿ, ಹಿಂದಿನವ್ರಿಗೆ ಜಾಗಾ ಬಿಡ್ರಿ. ಯಾರೂ ಹೊರಗ ನಿಂದ್ರಬ್ಯಾಡ್ರಿ, ಮಳಿ ಐತಿ.” ಅವರ ಮುಖದಲ್ಲಿ ಆಗ ಇರುತ್ತಿದ್ದ ಬೆಳಕನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಅವರೆದುರು ಹೋಗಿ ನಿಂತೆ. ಸೆರಗಿನೊಳಗಿಂದ, “ಮಾವಾರ...” ಅಂದೆ. ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ.

ಒಳಗೆ ಬಂದೆ. ಫ್ಯೂಜು ಕಿತ್ತರೆ? ಕರೆಂಟು ಹೋದರೆ ನಮ್ಮ ಮಂದಿ ಏಳುವುದಿಲ್ಲ, ಬಂದೀತು ಎಂದು ಕತೆ ಮುಗಿಯುವ ಹೊತ್ತಿನ ತನಕ ಅಲ್ಲೇ ಕೂಡುತ್ತಾರೆ. ಮಾಳಿಗೆ ಬೀಳುತ್ತದೆ ಅಂದರೆ? ಹಂಚಿನ ಮನಿಯಾಕಿ ಅಂದು ನಗುತ್ತಾರೆ. ಅಷ್ಟರಲ್ಲಿ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಂಬಕ್ಕೆ ಆತು ಕುಳಿತಿದ್ದರು. ಪಡಕು ಸರಿಯಿತು. ಚಿತ್ರದ ತುಂಬ ಇರುವೆ ಹರಿದಾಡಿದವು. “ತಿರುವ್ರೀ ಗಂಗವ್ವ” ಎಂದು ಯಾರೋ ಕೂಗಿದರು. ಅತ್ತೆ ಕೈ ಎತ್ತಿದರು.

“ಹಾವು” ಅಂದೆ ನಾನು. “ಜಂತ್ಯಾಗ ಹಾವು ಐತಿ. ನಾಗಪ್ಪ.”

ನಾನು ಅತ್ತೆಯ ತೊಡೆಯಿಂದ ಕೂಸನ್ನು ಕಿತ್ತುಕೊಂಡು ಮಂದಿಯನ್ನು ತುಳಿಯುತ್ತಲೇ ಹೊರಗೋಡಿದೆ. ಹೆತ್ತವಳು ಓಡಿದ್ದನ್ನು ಕಂಡು ಎಲ್ಲರೂ ಎದ್ದರು. ಮುದುಕರನ್ನು ರಟ್ಟೆ ಹಿಡಿದು ಎಳೆದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಓಣಿ ಮಳೆಯಲ್ಲಿ ನಿಂತಿತ್ತು. ಒಳಗೆ ಟಿವಿ ಒಂದೇ ಮಾತಾಡುತ್ತಿತ್ತು.

ಪಂಚಮಿಯ ವಾರದಲ್ಲಿ ಹಾವಿಗೆ ಬಡಿಗೆ ಎತ್ತುವವರಿಲ್ಲ. ಗಂಡಸರು ಕೈಮುಗಿದು ಹಿಂದೆ ಸರಿದರು. ಮಾವ ಒಬ್ಬರೇ ಬ್ಯಾಟರಿ ಹಿಡಿದು ಒಳಗೆ ಹೋದರು. ನಾನು ಬಾಗಿಲ ಹೊರಗೆ ನಿಂತು ಅವರ ಬೆಳಕಿನ ಹಿಂದೆಯೇ ನೋಡುತ್ತಿದ್ದೆ. ಬೆಳಕು ಜಂತಿಗಳ ಮೇಲೆ ಒಂದೊಂದಾಗಿ ಹೋಯಿತು. ಬೆಳಕಿಂಡಿಗೆ ಬಂತು. ತೊಲೆಯ ತುದಿಗೆ ಬಂದು ನಿಂತಿತು. ಕೆಂಪು ದಾರ ಜೋತು ಬಿದ್ದಿತ್ತು. ಮಾವ ಚೀಲ ಹತ್ತಿ, ದಾರ ಮುಟ್ಟಿ, ಅದರ ಪಕ್ಕದಲ್ಲಿ ಹೆಬ್ಬೆರಳಿನಿಂದ ತೊಲೆಯನ್ನು ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಆಮೇಲೆ ತಿರುಗಿ, ಮದುವೆಯಾದಂದಿನಿಂದ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿದರು.

ಎಲ್ಲರೆದುರು ಬಯ್ಯುತ್ತಾರೆ ಅಂದುಕೊಂಡೆ. ಕೂಸನ್ನು ಎದೆಗೆ ಒತ್ತಿಕೊಂಡೆ.

ಅವರು ಹೊರಬಂದು ಬಾಗಿಲು ಎಳೆದು ಚಿಲಕ ಹಾಕಿದರು. “ಐತಿ” ಅಂದರು ಮಂದಿಗೆ. “ನಾ ನೋಡಿದೆ. ದೊಡ್ಡದೈತಿ. ಯಾರೂ ಒಳಗ ಹೋಗಬ್ಯಾಡ್ರಿ.”

ನಮ್ಮ ಮನೆಯವರು ಟಿವಿಯನ್ನಾದರೂ ತರುತ್ತೇನೆಂದು ಚಿಲಕಕ್ಕೆ ಕೈ ಹಾಕಿದರು. ಮಾವ ಆ ಕೈ ಹಿಡಿದು ಕೆಳಗಿಳಿಸಿದರು. “ಅದು ಹೋದ್ರ ಹೋಗ್ಲಿ. ನೀ ಹೋದ್ರ ಎಲ್ಲಿಂದ ತರ್ಲಿ?” ಆಮೇಲೆ ಹೊಸ್ತಿಲ ಮುಂದೆ, ಮಳೆಯಲ್ಲಿ, ಮಡಿ ಧೋತರದಲ್ಲೇ ಕುಳಿತುಬಿಟ್ಟರು. ಯಾರನ್ನೂ ಹೊರಗೆ ಕೂಡಿಸುವುದಿಲ್ಲ ಅಂದವರು. ಅವರ ಸುತ್ತ ಓಣಿಯ ಮಂದಿಯೂ ಒಬ್ಬೊಬ್ಬರಾಗಿ ತಲೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು ಕುಳಿತರು. ಮುಚ್ಚಿದ ಬಾಗಿಲಿನ ಆಚೆಯಿಂದ ಬರುವ ಹಿಂದಿ ಮಾತು ಕೇಳುತ್ತ, ನೀಲವ್ವ ನಡುನಡುವೆ “ಈಗ ಬಾಣ ಬಿಟ್ಟ” ಎಂದು ಅಂದಾಜಿನ ಮೇಲೆ ಕತೆ ಹೇಳುತ್ತ, ಕೊನೆಯ ತನಕ ಕುಳಿತಿದ್ದರು.

ಎರಡು ರಾತ್ರಿ ನೀಲವ್ವನ ಮನೆಯಲ್ಲಿ ಮಲಗಿದೆವು. ತೊಲೆಗೆ ಊರುಗೋಲು ಕೊಡಲು ಮಾವ ಬಡಿಗೇರನನ್ನು ಕರೆದರು. ಅವನು ಹೊಸ್ತಿಲಲ್ಲೇ ನಿಂತ. “ನಾಗಪ್ಪ ಇರೂ ಮನ್ಯಾಗ, ಅದೂ ಪಂಚಮಿ ಮುಂದ, ನಾ ಗೂಟಾ ಹೊಡಿಯೂದಿಲ್ರಿ. ನನಗೂ ಮಕ್ಳದಾವು. ಹಬ್ಬ ಮುಗೀಲಿ.” ಮಾವ ನಿಜ ಹೇಳಿದ್ದರೆ ಅವನು ಒಳಗೆ ಬರುತ್ತಿದ್ದ. ಹೇಳಲಿಲ್ಲ. ಹೇಳಿದರೆ ಓಣಿಯೆದುರು ಸುಳ್ಳಾಗುವವಳು ನಾನು. ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದ ನನಗೆ, ಹೊರಗೆ ಹೋಗಿ ಹೇಳಿಬಿಡಲೇ ಅನ್ನಿಸಿತು. ಧೈರ್ಯ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಉಂಡಿ ಕಟ್ಟುತ್ತಿದ್ದೆವು. ಎತ್ತು ದೊಪ್ಪನೆ ನೆಲಕ್ಕೆ ಮಲಗಿದಂಥ ಒಂದು ಸದ್ದು, ಅಷ್ಟೇ. ಓಡಿಹೋಗಿ ನೋಡಿದರೆ ಪಡಸಾಲೆಯ ಅಂಕಣ ಪೂರಾ ಒಳಗೆ ಕುಳಿತಿತ್ತು. ನೀಲವ್ವ ಕೂಡುತ್ತಿದ್ದ ಜಾಗ, ಬಸುರಿಯರು ಕಾಲು ಚಾಚುತ್ತಿದ್ದ ಜಾಗ, ಅತ್ತೆಯ ಜಾಗ, ಎಲ್ಲ ಎದೆಮಟ್ಟದ ಮಣ್ಣಿನ ಕೆಳಗೆ. ಟಿವಿಯ ಒಂದು ಪಡಕು ಮಾತ್ರ ಹೊರಗೆ ಕಾಣುತ್ತಿತ್ತು. ಕಂಬ ನಿಂತಿತ್ತು. ಅದಕ್ಕೆ ಆತುಕೊಂಡು ಪೈಪೂ ನಿಂತಿತ್ತು, ತುದಿಯ ಆಂಟೆನಾ ಹುಬ್ಬಳ್ಳಿಯ ಕಡೆಗೇ ಮುಖ ಮಾಡಿ.

ಅತ್ತೆ ಮಣ್ಣಿನ ಗುಡ್ಡೆಯನ್ನು ನೋಡಿದರು, ಕೂಸನ್ನು ನೋಡಿದರು, ಅಲ್ಲೇ ಕುಸಿದು ಕುಳಿತು ಕೈಮುಗಿದರು. “ನನ್ನಪ್ಪ ನಾಗಪ್ಪ, ನಮ್ಮನ್ನ ಎಬ್ಬಿಸಾಕ ಬಂದಿದ್ದೇನೋ” ಅಂದರು. ಓಣಿಯೆಲ್ಲ ಹಾಗೇ ಅಂದಿತು. ಮರುದಿನ, ಪಂಚಮಿಯಂದು, ಗುದ್ದಲಿ ತಾಗಿಸದೆ ಕೈಯಿಂದಲೇ ಮಣ್ಣು ಸರಿಸಿ ಒರಳನ್ನು ಎತ್ತಿ ತೊಳೆದು, ಅಂಗಳದಲ್ಲಿಟ್ಟು ಹಾಲೆರೆಯಲು ನಿಂತರು. “ನೀನ ಮೊದಲ ಎರಿ, ನಿನಗ ಕಾಣಿಸ್ಕೊಂಡಾನ” ಎಂದು ಅತ್ತೆ ಬಟ್ಟಲು ನನ್ನ ಕೈಗೆ ಕೊಟ್ಟರು. ಬಟ್ಟಲು ನಡುಗಿ ಅರ್ಧ ಹಾಲು ಹೊರಗೆ ಚೆಲ್ಲಿತು. ಭಕ್ತಿ ಅಂದುಕೊಂಡರು ಎಲ್ಲರೂ.

ಭಕ್ತಿಯಲ್ಲ ಅದು. ಶ್ರಾವಣದಲ್ಲಿ ನಾಗಪ್ಪನ ಹೆಸರು ಸುಳ್ಳಿಗೆ ಬಳಸಿದವಳು ನಾನು. ಮಾಳಿಗೆಯ ಅಂಜಿಕೆ ಹೋಗಿ ಈ ಅಂಜಿಕೆ ಬಂದು ಕುಳಿತಿತು. ಆ ಚಳಿಗಾಲದಲ್ಲಿ ರೇಣಿಯ ಕಿವಿ ಸೋರಿತು. ಕಿವಿ ಸೋರಿದರೆ ನಾಗಪ್ಪನ ಮುನಿಸು ಅನ್ನುವುದು ನಮ್ಮ ಕಡೆಯ ಮಾತು. ಔಷಧ ಹಾಕಿ ಗುಣವಾಗುವ ತನಕ ನಾನು ಹೊಟ್ಟೆತುಂಬ ಉಣ್ಣಲಿಲ್ಲ. ಒಂದು ಸಂಜೆ ಕೂಸಿನ ಕಿವಿಗೆ ಅರಳೆ ಇಡುತ್ತಿದ್ದಾಗ ಮಾವ ಹತ್ತಿರ ಬಂದು ನಿಂತರು. ಏನೋ ಕೊಡಲು ಕೈ ಮುಂದೆ ಮಾಡಿದರು. ನನ್ನ ದಬ್ಬಣ. ಮಣ್ಣು ಎತ್ತುವಾಗ ಸಿಕ್ಕಿರಬೇಕು. ತುಕ್ಕು ತಿಕ್ಕಿ, ಬಾಗಿದ್ದನ್ನು ನೆಟ್ಟಗೆ ಮಾಡಿದ್ದರು.

“ಕೌದಿ ಅರ್ಧಾ ಉಳದೈತಲ್ಲ, ಹೊಲಿಯವಾ” ಅಂದು ಹೋದರು. ಅದರ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ಹೊಸ ಮನೆಗೆ ತಗಡು ಹೊದಿಸಿದರು. ಮಳೆಯ ಸದ್ದು ಕೇಳಿಸುವಂಥದ್ದು. ಟಿವಿಯನ್ನು ಮಾತ್ರ ಅವರಿದ್ದ ತನಕ ಮತ್ತೆ ತರಲಿಲ್ಲ. ಯಾರಾದರೂ ಕೇಳಿದರೆ, “ಕುಂದರ್ಸಾಕ ಜಾಗಾ ಸಾಲೂದಿಲ್ಲ” ಅನ್ನುತ್ತಿದ್ದರು.

ಹೋದ ಪಂಚಮಿಯಲ್ಲೂ ಆ ಒರಳಿಗೆ ಹಾಲೆರೆದೆವು. ಓಣಿಯ ಹೆಣ್ಣುಮಕ್ಕಳು ಈಗ ಅದನ್ನು ನಾಗಪ್ಪನ ಒಳ್ಳು ಅನ್ನುತ್ತಾರೆ. ಬಟ್ಟಲನ್ನು ಇವತ್ತಿಗೂ ಮೊದಲು ನನ್ನ ಕೈಗೇ ಕೊಡುತ್ತಾರೆ, ಇವತ್ತಿಗೂ ಅದು ನಡುಗುತ್ತದೆ. ನೀಲವ್ವನ ಮೊಮ್ಮಗನ ಹೆಂಡತಿ, ಹೊಸದಾಗಿ ಬಂದವಳು, ಮಗ್ಗುಲಲ್ಲಿ ನಿಂತು ಕೇಳಿದಳು.

“ಅಮ್ಮಾರ, ನೀವ ಖರೇನ ಕಂಡೀರಂತ. ಎಷ್ಟ ಉದ್ದ ಇತ್ರಿ ಆ ಹಾವು?”

ನಾನು ಬೆರಳು ಚಾಚಿ ತೋರಿಸಿದೆ.

“ಇಷ್ಟ ಇತ್ತವಾ. ಒಂದ ದಬ್ಬಣದಷ್ಟ.”

ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೊಸಬಳೂ ನಕ್ಕಳು. ನಾನು ಬಟ್ಟಲನ್ನು ಎರಡೂ ಕೈಯಿಂದ ಹಿಡಿದು, ಉಳಿದ ಹಾಲನ್ನು ಒರಳಿಗೆ ಎರೆದೆ.